ಹದಿನೈದು ಲಕ್ಷ ಜೌಲ್‌ಗಳ ಇಳಿಜಾರು

ಇಟಲಿಯ ಉತ್ತರದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಒತ್ತಿಕೊಂಡು ಸ್ಟೆಲ್ವಿಯೊ ಘಾಟಿ ಇದೆ. ಅದರ ನೆತ್ತಿ ಸಮುದ್ರಮಟ್ಟದಿಂದ 2757 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಈಶಾನ್ಯಕ್ಕೆ ಇಳಿಯುವ ರಸ್ತೆ 24 ಕಿಲೊಮೀಟರ್‌ನಷ್ಟು ಸುತ್ತಿ ಬಳಸಿ ಪ್ರಾಟೊ ಎಂಬ ಊರನ್ನು ಮುಟ್ಟುವ ಹೊತ್ತಿಗೆ ಸುಮಾರು 1800 ಮೀಟರ್ ಕೆಳಗೆ ಬಂದಿರುತ್ತದೆ. ದಾರಿಯಲ್ಲಿ 48 ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ನಂಬರಿನ ಫಲಕ ಉಂಟು. ಎಣಿಕೆ ಮೇಲಿನಿಂದ ಶುರುವಾಗುವುದರಿಂದ ಇಳಿಯುವವರಿಗೆ ಮೊದಲು ಸಿಗುವುದು ಒಂದನೆಯ ತಿರುವು.

ಈ ರಸ್ತೆ ಹುಟ್ಟಿದ್ದು ಸೈಕಲ್ಲಿಗಾಗಿ ಅಲ್ಲ. 1815ರಲ್ಲಿ ವಿಯೆನ್ನಾದಲ್ಲಿ ಯುರೋಪಿನ ದೊರೆಗಳು ಕೂತು ನಕಾಶೆಯನ್ನು ಹಂಚಿಕೊಂಡಾಗ ಲೊಂಬಾರ್ಡಿ ಆಸ್ಟ್ರಿಯಾದ ಪಾಲಿಗೆ ಬಂತು. ಅದನ್ನು ಆಸ್ಟ್ರಿಯಾದ ಟೈರೋಲ್ ಸೀಮೆಗೆ ಬೆಸೆಯಲು ಒಂದು ದಾರಿ ಬೇಕಾಗಿತ್ತು. ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರೊಳಗೆ ಅದನ್ನು ಕಟ್ಟಿ ಮುಗಿಸಿದ. ಕುದುರೆ ಏದುಸಿರು ಬಿಡುತ್ತಲಾದರೂ ಹತ್ತಬೇಕು, ಗಾಡಿ ಹಿಡಿತ ತಪ್ಪದೆ ಇಳಿಯಬೇಕು. ಹಾಗಾಗಿ ಗೋಡೆಯಂಥ ಬೆಟ್ಟದ ಮೈಮೇಲೆ ರಸ್ತೆಯನ್ನು ಮಡಚುತ್ತ ಮಡಚುತ್ತ ಉದ್ದ ಮಾಡಿದ. ಪ್ರತಿ 100 ಮೀಟರ್ ದೂರಕ್ಕೆ ಸರಾಸರಿ ಏಳೂವರೆ ಮೀಟರ್ ಇಳಿತ. ನೂರು ವರ್ಷಗಳ ಮೇಲೆ ಅದೇ ಇಳಿಜಾರು ಸೈಕಲ್ಲಿಗೂ ಒಗ್ಗಿತು.

ಸೈಕಲ್ ಲೋಕದಲ್ಲಿ ಸ್ಟೆಲ್ವಿಯೊದ ಖ್ಯಾತಿಯೆಲ್ಲ ಹತ್ತಿದವರದ್ದು. ಇಟಲಿಯ ಮಹಾಸ್ಪರ್ಧೆ ‘ಜಿರೊ’ ಮೊದಲ ಬಾರಿಗೆ ಈ ಘಾಟಿಯನ್ನು ಹಾಯ್ದದ್ದು 1953ರಲ್ಲಿ. ಅಂದು ಫಾಸ್ಟೊ ಕೊಪ್ಪಿ ಇದೇ ಏರಿನಲ್ಲಿ ಹ್ಯೂಗೊ ಕೊಬ್ಲೆಟ್‌ನನ್ನು ಹಿಂದೆ ಹಾಕಿ, ಅವನ ಮೈಮೇಲಿದ್ದ, ಸ್ಪರ್ಧೆಯಲ್ಲಿ ಮುಂದಿರುವವನು ತೊಡುವ ಗುಲಾಬಿ ಅಂಗಿಯನ್ನು ಕಿತ್ತುಕೊಂಡ. ಹತ್ತುವುದರಲ್ಲಿ ಸಾಹಸವಿದೆ, ಒಪ್ಪೋಣ. ಆದರೆ ಭೌತವಿಜ್ಞಾನದ ಕಣ್ಣಿಗೆ ಏರು ಸ್ವಲ್ಪ ಸಪ್ಪೆ. ಅಲ್ಲಿ ಇರುವುದು ಒಂದೇ ಪ್ರಶ್ನೆ: ಕಾಲಿನಲ್ಲಿ ಕಸುವಿದೆಯೆ? ಇಳಿಯುವಾಗ ಪ್ರಶ್ನೆ ತಿರುಗುಮುರುಗಾಗುತ್ತದೆ. ಕೈಯಲ್ಲಿ ಬೇಕಾದಷ್ಟು ಶಕ್ತಿ ಇದೆ, ಅದನ್ನು ಎಲ್ಲಿ ಸುರಿಯುವುದು? ಅಕ್ಟೋಬರಿನ ಒಂದು ಬೆಳಿಗ್ಗೆ, ಜನಜಂಗುಳಿ ಕರಗಿ ಹಿಮ ಇನ್ನೂ ರಸ್ತೆ ಮುಚ್ಚದ ದಿನಗಳಲ್ಲಿ, ಯಾವ ಅವಸರವೂ ಇಲ್ಲದೆ ಇಲ್ಲಿಂದ ಇಳಿಯುವ ಸವಾರನೊಬ್ಬನನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸೋಣ.

ಶಕ್ತಿ ಎಷ್ಟು?

ಸವಾರ ಮತ್ತು ಸೈಕಲ್ ಸೇರಿ 85 ಕಿಲೊ ಎಂದಿಟ್ಟುಕೊಳ್ಳಿ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿ ಎಂದರೆ ದ್ರವ್ಯರಾಶಿ, ಎತ್ತರ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧ. 85, 1800 ಮತ್ತು 9.8ನ್ನು ಗುಣಿಸಿದರೆ ಹತ್ತಿರ ಹತ್ತಿರ 15 ಲಕ್ಷ ಜೌಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಇದು ಅರ್ಧ ಯೂನಿಟ್ಟಿಗೂ ಕಡಿಮೆ. ಅಡುಗೆಮನೆಯ ಭಾಷೆಯಲ್ಲಿ, ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವ ಶಾಖ.

ಪ್ರಾಟೊದಲ್ಲಿ ಸವಾರ ಸೈಕಲ್ ನಿಲ್ಲಿಸಿ ಇಳಿದಾಗ ಈ 15 ಲಕ್ಷದಲ್ಲಿ ಒಂದು ಜೌಲ್ ಕೂಡ ಅವನ ಬಳಿ ಉಳಿದಿರುವುದಿಲ್ಲ. ಬೇಗ ಇಳಿದರೂ ಅಷ್ಟೆ, ನಿಧಾನಕ್ಕೆ ಇಳಿದರೂ ಅಷ್ಟೆ. ಎಲ್ಲವೂ ಶಾಖವಾಗಿ ಹೋಗಿರಲೇಬೇಕು. ಹೋಗಲು ಇರುವ ದಾರಿಗಳು ಮೂರೇ: ಟೈರು ರಸ್ತೆಗೆ ಒತ್ತಿ ನಲುಗುವಾಗ ಆಗುವ ಉರುಳು ಘರ್ಷಣೆ, ಎದುರು ಗಾಳಿ, ಮತ್ತು ಬ್ರೇಕು. ಮೊದಲನೆಯದರ ಪಾಲು ಸಣ್ಣದು. ಒಳ್ಳೆಯ ಟೈರಿನಲ್ಲಿ ನೂರಕ್ಕೆ ಆರೇಳು ಭಾಗ. ಉಳಿದ ತೊಂಬತ್ತಮೂರು ಚಿಲ್ಲರೆ ಭಾಗವನ್ನು ಗಾಳಿ ಮತ್ತು ಬ್ರೇಕು ಹಂಚಿಕೊಳ್ಳಬೇಕು. ಹಂಚಿಕೆಯನ್ನು ತೀರ್ಮಾನಿಸುವುದು ವೇಗ.

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಏಳೂವರೆ ಪ್ರತಿಶತದ ಇಳಿಜಾರಿನಲ್ಲಿ ಗುರುತ್ವ ನಮ್ಮ ಸವಾರನನ್ನು ಸುಮಾರು 62 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳುತ್ತಿರುತ್ತದೆ. ಅವನು ಬೆನ್ನು ನೆಟ್ಟಗಿಟ್ಟು ಕೂತು ಬ್ರೇಕನ್ನೇ ಮುಟ್ಟದಿದ್ದರೆ ಗಂಟೆಗೆ 55 ಕಿಲೊಮೀಟರ್ ಆಸುಪಾಸಿನಲ್ಲಿ ಗಾಳಿಯ ತಡೆ ಈ ತಳ್ಳುವಿಕೆಗೆ ಸಮನಾಗುತ್ತದೆ. ಅಲ್ಲಿಗೆ ವೇಗ ಏರುವುದು ನಿಲ್ಲುತ್ತದೆ. ಇದೇ ಅಂತಿಮ ವೇಗ. ಸ್ಪರ್ಧಾಳುಗಳ ಹಾಗೆ ಹ್ಯಾಂಡಲ್ ಮೇಲೆ ಬಾಗಿ ಮೈ ಕುಗ್ಗಿಸಿದರೆ ಅದು 70ನ್ನು ದಾಟುತ್ತದೆ. ಘಾಟಿಯ ನೆತ್ತಿಯಲ್ಲಿ ಗಾಳಿ ಕಣಿವೆಗಿಂತ ತೆಳು. ಹಾಗಾಗಿ ಅದೇ ಭಂಗಿಯಲ್ಲಿ ಮೇಲೆ 57 ತಲಪುವವನು ಕೆಳಗೆ 52ಕ್ಕೇ ನಿಲ್ಲುತ್ತಾನೆ. ಬಲಿಷ್ಠವಾದ, ಸವೆಯದ, ಬಿಟ್ಟಿಯಾಗಿ ಸಿಗುವ ಬ್ರೇಕು ಎಂದರೆ ಗಾಳಿಯೇ. ಅದರ ದೋಷ ಒಂದೇ, ಅದು ವೇಗವಾಗಿ ಹೋಗುವವರಿಗೆ ಮಾತ್ರ ಒದಗುತ್ತದೆ.

ಅತಿ ಕೆಟ್ಟ ವೇಗ

ನಮ್ಮ ಸವಾರನಿಗೆ ಅವಸರವಿಲ್ಲ ಎಂದೆವಲ್ಲ. ಅವನು ಗಂಟೆಗೆ 20 ಕಿಲೊಮೀಟರ್ ವೇಗದಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತಾನೆ ಅನ್ನಿ. ಆಗ ಪ್ರತಿ ಸೆಕೆಂಡಿಗೆ ಸುಮಾರು 350 ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿ ಹೊತ್ತೊಯ್ಯುವುದು 40ರಷ್ಟು, ಟೈರು 20ರಷ್ಟು. ಮಿಕ್ಕ 280 ಜೌಲ್, ಅಂದರೆ ಐದರಲ್ಲಿ ನಾಲ್ಕು ಪಾಲು, ಬ್ರೇಕಿನ ತಲೆಗೆ. 280 ವ್ಯಾಟ್ ಶಾಖ ಒಂದು ಗಂಟೆಗೂ ಹೆಚ್ಚು ಹೊತ್ತು, ಬಿಡುವಿಲ್ಲದೆ.

ಅದನ್ನು ತಾಳಿಕೊಳ್ಳಬೇಕಾದ ಲೋಹ ಎಷ್ಟಿದೆ ನೋಡಿ. ಉಕ್ಕಿನ ಬ್ರೇಕ್ ಡಿಸ್ಕ್ ಒಂದರ ತೂಕ 120 ಗ್ರಾಂ ಎಂದುಕೊಳ್ಳೋಣ. ಎರಡು ಚಕ್ರಕ್ಕೂ ಸಮನಾಗಿ ಹಂಚಿದರೆ ಒಂದರ ಪಾಲಿಗೆ 140 ವ್ಯಾಟ್. ಸುತ್ತಲ ಗಾಳಿ ತಂಪು ಮಾಡದೇ ಹೋದರೆ ಆ ಡಿಸ್ಕ್ ಪ್ರತಿ ಸೆಕೆಂಡಿಗೂ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾಗುತ್ತಾ ಹೋಗುತ್ತದೆ. ಎರಡು ನಿಮಿಷ ತುಂಬುವ ಮೊದಲೇ 200 ಡಿಗ್ರಿ ಮೀರುತ್ತದೆ. ಹಳೆಯ ಬಗೆಯ ಬ್ರೇಕಿನಲ್ಲಿ ರಬ್ಬರ್ ಪ್ಯಾಡುಗಳು ಚಕ್ರದ ಅಲ್ಯುಮಿನಿಯಂ ರಿಮ್ಮನ್ನೇ ಹಿಡಿಯುತ್ತವೆ. ರಿಮ್ಮಿನಲ್ಲಿ ಲೋಹ ಹೆಚ್ಚು, ಅಲ್ಯುಮಿನಿಯಂ ಶಾಖವನ್ನು ಹೆಚ್ಚು ಹೀರುವ ಲೋಹ ಕೂಡ. ಒಂದು ಡಿಗ್ರಿ ಏರಲು ಅದು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಆದರೆ ಅದರ ಸಂಕಟ ಬೇರೆ. ರಿಮ್ಮಿಗೆ ಅಂಟಿಕೊಂಡೇ ಟ್ಯೂಬು ಇದೆ. ಬಿಸಿಯಾದ ಗಾಳಿ ಹಿಗ್ಗಲು ನೋಡುತ್ತದೆ, ಟೈರಿನ ಒತ್ತಡ ಏರುತ್ತದೆ. ಸ್ಪರ್ಧೆಯ ಸೈಕಲ್ಲುಗಳಲ್ಲಿ ಟೈರನ್ನು ರಿಮ್ಮಿಗೆ ಅಂಟಿನಿಂದ ಕೂರಿಸುವ ಪದ್ಧತಿ ಇತ್ತು. ಕಡಿದಾದ ಇಳಿಜಾರಿನಲ್ಲಿ ಆ ಅಂಟು ಮೆತ್ತಗಾಗಿ ಟೈರು ಜರುಗುವುದು ಆಲ್ಪ್ಸ್ ಬಲ್ಲ ಸವಾರರಿಗೆ ಗೊತ್ತಿದ್ದ ಅಪಾಯ. ಕಾರ್ಬನ್ ನಾರಿನ ರಿಮ್ಮಾದರೆ ನಾರುಗಳನ್ನು ಹಿಡಿದಿಟ್ಟ ರಾಳವೇ ಸಡಿಲಾಗಬಹುದು.

ಹಾಗಾದರೆ ವೇಗ ಹೆಚ್ಚಿದಷ್ಟೂ ಬ್ರೇಕಿಗೆ ಕಷ್ಟ ಹೆಚ್ಚೆ? ಇಲ್ಲಿ ಲೆಕ್ಕ ಒಂದು ಕೌತುಕ ತೋರಿಸುತ್ತದೆ. ತೀರಾ ನಿಧಾನ, ಗಂಟೆಗೆ 10 ಕಿಲೊಮೀಟರ್ ಹೋದರೆ ಬ್ರೇಕಿನ ಮೇಲೆ ಬೀಳುವುದು 155 ವ್ಯಾಟ್. 20ಕ್ಕೆ 280. ಮೂವತ್ತೆರಡರ ಸುಮಾರಿಗೆ ಅದು 340 ಮುಟ್ಟಿ ಶಿಖರ ಕಾಣುತ್ತದೆ. ಆಮೇಲೆ ಗಾಳಿ ತನ್ನ ಪಾಲನ್ನು ಎಳೆದುಕೊಳ್ಳತೊಡಗುವುದರಿಂದ ಇಳಿಮುಖ: 45ಕ್ಕೆ 240, 50ಕ್ಕೆ 140, ಮತ್ತು 55ಕ್ಕೆ ಸೊನ್ನೆ. ಅಂತಿಮ ವೇಗವನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ ಸಿಗುವ ವೇಗವೇ ಬ್ರೇಕಿನ ಪಾಲಿಗೆ ಅತಿ ಕೆಟ್ಟದ್ದು. ಇಳಿಜಾರು ಎಷ್ಟೇ ಇರಲಿ, ಸವಾರ ಎಷ್ಟೇ ಭಾರವಿರಲಿ, ಈ ನಿಯಮ ಬದಲಾಗುವುದಿಲ್ಲ. ಭಯಪಡುವಷ್ಟು ವೇಗವೂ ಅಲ್ಲ, ಸುತ್ತ ನೋಡುವಷ್ಟು ನಿಧಾನವೂ ಅಲ್ಲದ ಆ ನಡುವಿನ ವೇಗದಲ್ಲೇ ಬಹಳ ಮಂದಿ ಬ್ರೇಕ್ ಒತ್ತಿಕೊಂಡು ಇಳಿಯುವುದು.

ಬ್ರೇಕುಗಳು ಕೈಲಾಗದ ಕಾಲವೂ ಒಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಪ್ಸ್ ದಾಟುತ್ತಿದ್ದ ಸೈಕಲ್ಲುಗಳಲ್ಲಿ ಫ್ರೀವೀಲ್ ಇರುತ್ತಿರಲಿಲ್ಲ. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲನ್ನು ಪೆಡಲಿನಿಂದ ಎತ್ತಿ ಮುಂದಿನ ಆಸರೆಯ ಮೇಲಿಟ್ಟು, ಹಿಂದೆ ಒಂದು ಮರದ ಕೊಂಬೆ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗುವುದು ಆಗಿನ ಉಪಾಯ. ಧೂಳೆದ್ದು ಹಿಂದೆ ಬರುವವರು ಬೈದುಕೊಂಡಿರಬೇಕು. ಆದರೂ ಭೌತವಿಜ್ಞಾನದ ಪ್ರಕಾರ ಅದು ಜಾಣತನವೇ: ಶಾಖವೆಲ್ಲ ಚಕ್ರದಿಂದ ದೂರ, ಕೊಂಬೆಗೂ ರಸ್ತೆಗೂ ಹೋಯಿತು.

ತಿರುವಿನಲ್ಲಿ

ನಿಧಾನಕ್ಕೆ ಇಳಿಯುವವರಿಗೆ ಪ್ರಕೃತಿ ಒಂದು ಸವಲತ್ತು ಕೊಟ್ಟಿದೆ. ಸವಾರನಿಲ್ಲದ ಸೈಕಲ್ಲನ್ನು ತಳ್ಳಿಬಿಟ್ಟರೆ ಅದು ತನ್ನಷ್ಟಕ್ಕೆ ಸ್ವಲ್ಪ ದೂರ ಬೀಳದೆ ಓಡುವುದನ್ನು ನೋಡಿರುತ್ತೀರಿ. 2007ರಲ್ಲಿ ಮೈಯಾರ್ಡ್, ಪಪಡೋಪುಲೊಸ್, ರುಯಿನಾ ಮತ್ತು ಶ್ವಾಬ್ ಎಂಬ ನಾಲ್ವರು ಪ್ರಕಟಿಸಿದ ಸಮೀಕರಣಗಳ ಪ್ರಕಾರ, ಅವರು ಆಯ್ದುಕೊಂಡ ಮಾದರಿ ಸೈಕಲ್ ಗಂಟೆಗೆ ಸುಮಾರು 15ರಿಂದ 22 ಕಿಲೊಮೀಟರ್ ವೇಗದ ನಡುವೆ ಯಾರ ಹಂಗಿಲ್ಲದೆ ನೆಟ್ಟಗೆ ನಿಲ್ಲುತ್ತದೆ. ಅದು ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನೇ ಎಡಕ್ಕೆ ತಿರುಗಿ ಬೀಳುವ ಭಾರದ ಕೆಳಗೆ ಹೋಗಿ ನಿಲ್ಲುತ್ತದೆ. ಇದಕ್ಕೆ ಚಕ್ರಗಳ ಗೈರೋಸ್ಕೋಪ್ ಗುಣವೇ ಕಾರಣ ಎಂದು ಬಹುಕಾಲ ನಂಬಿದ್ದರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಗುಣವನ್ನು ರದ್ದು ಮಾಡಿದ ಒಂದು ವಿಚಿತ್ರ ಸೈಕಲ್ ಕಟ್ಟಿದರು. ಅದೂ ಬೀಳದೆ ಓಡಿತು. ಭಾರ ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದಕ್ಕೂ ಇದರಲ್ಲಿ ದೊಡ್ಡ ಪಾತ್ರವಿದೆ.

ನೇರ ದಾರಿಗೆ ಇಷ್ಟು ಸಾಕು. ಆದರೆ ಸ್ಟೆಲ್ವಿಯೊದಲ್ಲಿ ನೇರ ದಾರಿ ಹೆಚ್ಚು ಹೊತ್ತು ಇರುವುದಿಲ್ಲ. ತಿರುವಿನಲ್ಲಿ ಸೈಕಲ್ ಒಳಕ್ಕೆ ವಾಲಲೇಬೇಕು. ತಿರುವಿನ ತ್ರಿಜ್ಯ 10 ಮೀಟರ್ ಇದ್ದರೆ, 20 ಕಿಲೊಮೀಟರ್ ವೇಗಕ್ಕೆ 17 ಡಿಗ್ರಿ ವಾಲಿದರೆ ಸಾಕು. 30ಕ್ಕೆ ಅದು 35 ಡಿಗ್ರಿ. ವೇಗ ಒಂದೂವರೆ ಪಟ್ಟು, ವಾಲುವಿಕೆ ಎರಡು ಪಟ್ಟು. ಇನ್ನೊಂದು ಸೋಜಿಗವಿದೆ. ಎಡಕ್ಕೆ ವಾಲಬೇಕಾದರೆ ಸವಾರ ಮೊದಲು ಹ್ಯಾಂಡಲನ್ನು ಒಂದಿಷ್ಟು ಬಲಕ್ಕೆ ತಿರುಗಿಸಬೇಕು. ಚಕ್ರ ಬಲಕ್ಕೆ ಜರುಗಿತು, ಮೈ ಎಡಕ್ಕೆ ಬಾಗಿತು, ಆಮೇಲೆ ಎಡತಿರುವು. ಎಲ್ಲರೂ ಇದನ್ನು ಮಾಡುತ್ತಾರೆ, ಮಾಡುತ್ತಿದ್ದೇವೆಂದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಹಾಗೆ ತಿಳಿಯದಿರುವುದನ್ನು ಗಮನಿಸಿದವರಲ್ಲಿ ವಿಮಾನ ಹಾರಿಸಿದ ವಿಲ್ಬರ್ ರೈಟ್ ಒಬ್ಬ. ರೈಟ್ ಸೋದರರ ಕಸುಬು ಸೈಕಲ್ ತಯಾರಿಕೆಯೇ ಆಗಿತ್ತು.

ವಾಲಿದ ಸೈಕಲ್ಲನ್ನು ಬೀಳದಂತೆ ಹಿಡಿದಿರುವುದು ಟೈರಿನ ಘರ್ಷಣೆ. ಆ ಘರ್ಷಣೆಗೆ ಮಿತಿಯಿದೆ. ಒಂದು ಪಾಲನ್ನು ತಿರುವು ಕೇಳುತ್ತದೆ, ಇನ್ನೊಂದನ್ನು ಬ್ರೇಕು ಕೇಳುತ್ತದೆ. ಎರಡಕ್ಕೂ ಒಟ್ಟಿಗೆ ಕೊಡಲು ಹೋದರೆ ಕೊರತೆ ಬೀಳುತ್ತದೆ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ತಿರುವಿನೊಳಗೆ ಬಿಡಬೇಕು ಎನ್ನುವುದು ಇದಕ್ಕೇ. ಶರತ್ಕಾಲದಲ್ಲಿ ಈ ಮಿತಿ ಇನ್ನಷ್ಟು ಕುಗ್ಗುತ್ತದೆ. ಸೂರ್ಯ ಕೆಳಗಿನಿಂದ ಹಾಯುತ್ತಾನೆ, ಈಶಾನ್ಯಕ್ಕೆ ಮುಖ ಮಾಡಿದ ಈ ಇಳಿಜಾರಿನ ಎಷ್ಟೋ ತಿರುವುಗಳು ದಿನದ ಬಹುಪಾಲು ನೆರಳಿನಲ್ಲೇ ಇರುತ್ತವೆ. ಬೆಳಗಿನ ಇಬ್ಬನಿ ಅಲ್ಲಿ ಗಾಜಿನ ಪದರವಾಗಿ ಉಳಿದಿರಬಹುದು. ಕೆಳಗಿನ ಕಾಡಿನಲ್ಲಿ ಒದ್ದೆ ಎಲೆಯ ಹಾಸು.

ಒಂದು ಗಂಟೆಯಲ್ಲಿ ಎರಡು ತಿಂಗಳು

ನೆತ್ತಿಯಲ್ಲಿ ಹೊರಟಾಗ ಚಳಿಯೇ ಮೊದಲು ಮಾತಾಡಿಸುತ್ತದೆ. ಉಷ್ಣತೆ 5 ಡಿಗ್ರಿ ಇದ್ದು ಎದುರು ಗಾಳಿ ಗಂಟೆಗೆ 30 ಕಿಲೊಮೀಟರ್ ಬೀಸಿದರೆ ಬರಿಯ ಚರ್ಮಕ್ಕೆ ಸೊನ್ನೆ ಡಿಗ್ರಿಯ ಅನುಭವ. ಹತ್ತಿಬಂದವನಾದರೆ ಪಾಡು ಇನ್ನೂ ಕಷ್ಟ. ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಡಬಲ್ಲವು, ಉಳಿದದ್ದು ಶಾಖ. 15 ಲಕ್ಷ ಜೌಲ್ ಎತ್ತರ ಗಳಿಸಲು 60 ಲಕ್ಷಕ್ಕೂ ಹೆಚ್ಚು ಖರ್ಚಾಗಿರುತ್ತದೆ. ಮಿಕ್ಕಿದ್ದೆಲ್ಲ ಬೆವರಾಗಿ ಅಂಗಿಯನ್ನು ತೋಯಿಸಿರುತ್ತದೆ. ಇಳಿಯುವಾಗ ಸ್ನಾಯು ಸುಮ್ಮನಿದೆ, ಒಲೆ ಆರಿದೆ, ಅಂಗಿ ಒದ್ದೆ, ಗಾಳಿ ಎದುರು. ಹಳೆಯ ಸ್ಪರ್ಧಾಳುಗಳು ಘಾಟಿಯ ತುದಿಯಲ್ಲಿ ನಿಂತವರ ಕೈಯಿಂದ ದಿನಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಡುತ್ತದೆ.

ಇಳಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಬಿಸಿ ಏರುತ್ತದೆ. 1800 ಮೀಟರಿಗೆ ಹನ್ನೆರಡು ಡಿಗ್ರಿಯಷ್ಟು. ಶುಭ್ರ ಶರತ್ಕಾಲದ ಬೆಳಗುಗಳಲ್ಲಿ ಮಾತ್ರ ಇದು ತಲೆಕೆಳಗಾಗುವುದುಂಟು. ರಾತ್ರಿ ತಣಿದ ಭಾರವಾದ ಗಾಳಿ ಕಣಿವೆಯ ತಳಕ್ಕೆ ಹರಿದು ನಿಂತು, ನಡುಬೆಟ್ಟ ಬೆಚ್ಚಗೆ, ಊರು ಮಂಜಿನಲ್ಲಿ ತಣ್ಣಗೆ. ಒತ್ತಡವೂ ಏರುತ್ತದೆ. ನೆತ್ತಿಯಲ್ಲಿ 725 ಹೆಕ್ಟೊಪಾಸ್ಕಲ್ ಇದ್ದದ್ದು ಪ್ರಾಟೊದಲ್ಲಿ 900 ದಾಟಿರುತ್ತದೆ. ಮೇಲೆ ಕುಡಿದು ಖಾಲಿ ಮಾಡಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ಕೆಳಗೆ ಬರುವಷ್ಟರಲ್ಲಿ ಐದನೇ ಒಂದು ಪಾಲು ಕುಗ್ಗಿ ಚಪ್ಪಟೆಯಾಗಿರುತ್ತದೆ. ಕಿವಿಯ ತಮಟೆಯ ಮೇಲೂ ಅದೇ ಒತ್ತಡ. ಉಗುಳು ನುಂಗಿದರೆ ಗಂಟಲಿನಿಂದ ನಡುಗಿವಿಗೆ ಹೋಗುವ ಕೊಳವೆ ತೆರೆದು ಸಮವಾಗುತ್ತದೆ.

ಮೊದಲ ತಿರುವುಗಳಲ್ಲಿ ಕಲ್ಲು, ಒಣಗಿದ ಹುಲ್ಲು, ಬಲಕ್ಕೆ 3905 ಮೀಟರ್ ಎತ್ತರದ ಓರ್ಟ್ಲರ್ ಶಿಖರದ ನೀರ್ಗಲ್ಲು. 2200 ಮೀಟರಿನ ಆಸುಪಾಸಿನಲ್ಲಿ ಮರಗಳು ಶುರುವಾಗುತ್ತವೆ. ಅಲ್ಲಿ ಕಾಣುವ ಹೊಂಬಣ್ಣ ಲಾರ್ಚ್ ಮರದ್ದು. ಯುರೋಪಿನ ಸೂಜಿ ಎಲೆಯ ಮರಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವುದು ಇದೊಂದೇ. ಸ್ಪ್ರೂಸ್, ಪೈನ್‌ಗಳ ಸೂಜಿ ದಪ್ಪ, ಮೇಣದ ಹೊದಿಕೆ ಗಟ್ಟಿ. ಅವು ಹಿಮದಲ್ಲೂ ಉಳಿದುಕೊಳ್ಳುತ್ತವೆ. ಲಾರ್ಚ್ ಪ್ರತಿ ವರ್ಷ ತೆಳುವಾದ, ಮೆತ್ತನೆಯ, ಅಗ್ಗದ ಎಲೆ ಕಟ್ಟುತ್ತದೆ, ಕೆಲಸ ಮುಗಿಯಿತೆಂದರೆ ಬಿಸಾಡುತ್ತದೆ. ಆದರೆ ಸುಮ್ಮನೆ ಬಿಸಾಡುವುದಿಲ್ಲ. ದಿನ ಕಿರಿದಾಗುತ್ತಿದ್ದಂತೆ ಎಲೆಯ ಪತ್ರಹರಿತ್ತನ್ನು ಒಡೆದು, ಪ್ರೋಟೀನುಗಳಲ್ಲಿದ್ದ ಸಾರಜನಕವನ್ನು ರೆಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಹೋದಮೇಲೆ ಅದರ ಮರೆಯಲ್ಲಿ ಬೇಸಗೆಯಿಡೀ ಇದ್ದ ಕ್ಯಾರೊಟಿನಾಯ್ಡ್ ಹಳದಿ ಹೊರಬೀಳುತ್ತದೆ. ಪೊದೆಗಳ ಕೆಂಪು ಹಾಗಲ್ಲ. ಅದು ಆಂಥೋಸಯಾನಿನ್, ಆ ಹೊತ್ತಿನಲ್ಲಿ ಹೊಸದಾಗಿ ತಯಾರಾಗುವ ಬಣ್ಣ. ನಮ್ಮ ಮಾವಿನ ಚಿಗುರು ಕೆಂಪಾಗಿರುವುದೂ ಇದೇ ಬಣ್ಣದಿಂದ; ಅಲ್ಲಿ ಸಾಯುವ ಎಲೆಗೆ ಹಚ್ಚಿದ್ದನ್ನು ಇಲ್ಲಿ ಹುಟ್ಟುವ ಎಲೆಗೆ ಹಚ್ಚಿದೆ.

ಟ್ರಾಫೊಯ್ ಹಳ್ಳಿ ದಾಟಿ ಕೆಳಗಿಳಿದರೆ ಹುಲ್ಲು ಇನ್ನೂ ಹಸಿರು. ಪ್ರಾಟೊ ಇರುವ ವಿನ್ಶ್‌ಗಾವ್ ಕಣಿವೆ ಮಳೆ ಕಡಿಮೆ ಬೀಳುವ, ಕಾಲುವೆ ನೀರಿನಲ್ಲಿ ಸೇಬು ಬೆಳೆಯುವ ಸೀಮೆ. ಅಲ್ಲಿ ಅಕ್ಟೋಬರಿನಲ್ಲೂ ಸೇಬು ಕೀಳುತ್ತಿರುತ್ತಾರೆ. ಅಮೆರಿಕದ ಕೀಟತಜ್ಞ ಆಂಡ್ರೂ ಹಾಪ್ಕಿನ್ಸ್ 1918ರಲ್ಲಿ ಒಂದು ಅಂದಾಜು ಕೊಟ್ಟ: 400 ಅಡಿ ಮೇಲೇರಿದರೆ ವಸಂತ ನಾಲ್ಕು ದಿನ ತಡ, ಶರತ್ಕಾಲ ಅಷ್ಟೇ ಬೇಗ. ಅವನ ಲೆಕ್ಕ ಉತ್ತರ ಅಮೆರಿಕದ್ದು, ಆಲ್ಪ್ಸ್‌ನಲ್ಲಿ ಅಂಕಿ ಹಾಗೇ ಕೂರಬೇಕಿಲ್ಲ. ಆದರೂ ಅದನ್ನೇ ಹಿಡಿದು ನೋಡಿದರೆ 1800 ಮೀಟರಿಗೆ ಸುಮಾರು ಎರಡು ತಿಂಗಳು. ಒಂದು ಗಂಟೆಯ ಸವಾರಿಯಲ್ಲಿ ಚಳಿಗಾಲದ ಬಾಗಿಲಿನಿಂದ ಬೇಸಗೆಯ ಬಾಲಕ್ಕೆ ಬಂದಿಳಿಯಬಹುದು.

ನಿಲ್ಲುವುದರ ಲಾಭ

ಲಾರ್ಚ್ ಮರಕ್ಕೆ ಬರುವ ವಿದ್ಯೆ ಸೈಕಲ್ಲಿಗೆ ಬರುವುದಿಲ್ಲ. ಮರ ಎಲೆ ಬಿಡುವ ಮುನ್ನ ಬೆಲೆಬಾಳುವುದನ್ನು ವಾಪಸು ಪಡೆಯುತ್ತದೆ. ಸಾದಾ ಸೈಕಲ್ 15 ಲಕ್ಷ ಜೌಲ್‌ಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಾರದು. ಆಲ್ಪ್ಸ್‌ನ ವಿದ್ಯುತ್ ರೈಲುಗಳು ಇಳಿಯುವಾಗ ಮೋಟಾರನ್ನೇ ಜನರೇಟರ್ ಮಾಡಿ ತಂತಿಗೆ ಕರೆಂಟು ಮರಳಿಸುತ್ತವೆ. ಸೈಕಲ್ಲಿಗೆ ಅದಕ್ಕಾಗಿ ಮೋಟಾರು, ಬ್ಯಾಟರಿ ಹೊರಿಸಬೇಕು. ಉಳಿತಾಯ ಹೆಚ್ಚೆಂದರೆ ಅರ್ಧ ಯೂನಿಟ್ಟಿನ ಒಂದು ತುಣುಕು.

ಹಾಗಾಗಿ ಸವಾರನಿಗೆ ಉಳಿದ ಆಯ್ಕೆ ಹಂಚಿಕೆಯದ್ದು ಮಾತ್ರ. ಸದಾ ಬ್ರೇಕ್ ಒತ್ತಿಕೊಂಡು 20ರಲ್ಲೇ ಇಳಿದರೆ ಐದರಲ್ಲಿ ನಾಲ್ಕು ಪಾಲು ಬ್ರೇಕಿಗೆ. ಬದಲಿಗೆ, ರಸ್ತೆ ಒಣಗಿದ್ದು ಮುಂದೆ ದೂರದವರೆಗೆ ಕಾಣುವ 300 ಮೀಟರ್ ನೇರ ದಾರಿಯಲ್ಲಿ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟು ತಿರುವಿನ ಮುಂಚೆ ಪೂರ್ತಿ ನಿಲ್ಲಿಸಿದರೆ, ಹತ್ತಿರ ಹತ್ತಿರ ಅರ್ಧ ಪಾಲನ್ನು ಗಾಳಿಯೇ ಹೊತ್ತೊಯ್ದಿರುತ್ತದೆ. ಅಷ್ಟು ಓಡಲು ಮನಸ್ಸಿಲ್ಲದವರು 10–12ರ ವೇಗದಲ್ಲಿ ಇಳಿದು ಮತ್ತೆ ಮತ್ತೆ ನಿಲ್ಲಬಹುದು. ನಿಂತ ಹೊತ್ತಿನಲ್ಲಿ ಡಿಸ್ಕಿಗೆ ಹೊಸ ಶಾಖ ಬರುವುದಿಲ್ಲ, ಹಳೆಯದು ಆರುತ್ತಿರುತ್ತದೆ. ಎರಡು ದಾರಿಗೂ ಸಾಮಾನ್ಯವಾದದ್ದು ನಿಲುಗಡೆ. ಬ್ರೇಕನ್ನು ಬೇಯಿಸುವುದು ವಿರಾಮವಿಲ್ಲದ ನಿಧಾನ. ಲಾರ್ಚ್ ನೋಡಲೆಂದು ನಿಂತು ನಿಂತು ಹೋಗುವವನು ತನಗೇ ಗೊತ್ತಿಲ್ಲದೆ ಎಂಜಿನಿಯರು ಹೇಳುವುದನ್ನೇ ಮಾಡುತ್ತಿರುತ್ತಾನೆ.

ನೆನಪಿಟ್ಟುಕೊಳ್ಳಲು ಒಂದೇ ಸೂತ್ರ ಸಾಕು: 85 ಕಿಲೊ ಭಾರ 100 ಮೀಟರ್ ಕೆಳಗಿಳಿದರೆ ಕಾಲು ಲೀಟರ್ ನೀರು ಕುದಿಯಲು ಬೇಕಾದ ಶಾಖ ಹುಟ್ಟುತ್ತದೆ. ಸ್ಟೆಲ್ವಿಯೊ ಇರಲಿ, ಆಗುಂಬೆ ಇರಲಿ, ಚಾರ್ಮಾಡಿ ಇರಲಿ, ಘಾಟಿಯ ಎತ್ತರ ಗೊತ್ತಿದ್ದರೆ ಮೊತ್ತ ಗೊತ್ತಾಯಿತು. ಆ ಮೊತ್ತವನ್ನು ಕಡಿಮೆ ಮಾಡಲು ಯಾರಿಂದಲೂ ಆಗದು. ಅದರಲ್ಲಿ ಗಾಳಿಗೆ ಎಷ್ಟು, ಬ್ರೇಕಿಗೆ ಎಷ್ಟು ಎಂಬುದಷ್ಟೇ ಸವಾರನ ಕೈಯಲ್ಲಿರುವುದು.